ಇನ್ನೊಂದ್ಸಲ ನೋಡಿ

ಕ್ಯಾಜುಯಲ್ಟಿಯ ಡಾಕ್ಟರ್ ಬಸವಪ್ರಭು ಮೇಲಿನ ಸ್ಕ್ಯಾನ್ ವಿಭಾಗಕ್ಕೆ ಎಂದೂ ಬಂದವನಲ್ಲ. "ಬೇಗ ರಿಪೋರ್ಟ್ ಹೇಳಿ" ಎಂದು ಫೋನಿನಲ್ಲೇ ರೇಗುತ್ತಿದ್ದ; ರೇಡಿಯಾಲಜಿಸ್ಟ್ ವನಮಾಲಾ ಅಲ್ಲಿಂದಲೇ ಅವನ ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು ಅವನೇ ಬಂದು ಬಾಗಿಲಲ್ಲಿ ನಿಂತದ್ದು ಕಂಡು ಅವಳಿಗೆ ನಗು ಬಂತು.

"ಯಾಕೆ ಡಾಕ್ಟ್ರೇ, ಫೋನ್ ಕೆಟ್ಟಿದೆಯಾ?"

ಅವನು ನಗಲಿಲ್ಲ. "ಹೆಸರು ಗೊತ್ತಿಲ್ಲ ಅಂತ ಬಂತಲ್ಲ, ಆ ಆಕ್ಸಿಡೆಂಟ್ ಕೇಸು, ನೋಡಿದ್ರಾ?"

"ನೋಡಿದೆ. ತಲೆ ತುಂಬ ರಕ್ತ. ಮೆದುಳು ಕೆಳಗೆ ಜಾರಿಬಿಟ್ಟಿದೆ. ಆಪರೇಷನ್ ಮಾಡಿದ್ರೂ ಉಳಿಯಲ್ಲ."

"ಇನ್ನೊಂದ್ಸಲ ನೋಡಿ ಮೇಡಂ."

ಅವಳಿಗೆ ಸಿಟ್ಟು ಬಂತು. ಆದರೂ ಪರದೆಯ ಮೇಲೆ ಒಂದೊಂದೇ ಚಿತ್ರ ಸರಿಸುತ್ತ ಮತ್ತೆ ನೋಡಿದಳು.

"ಇಲ್ಲ ಡಾಕ್ಟ್ರೇ. ಸುಮ್ನೆ ಆಸೆ ತೋರಿಸಿ ಕಾಯಿಸ್ಬೇಡಿ. ಮನೆಯವರು ಸಿಕ್ಕಿದ ತಕ್ಷಣ ಕೂರಿಸಿ, ನೇರವಾಗಿ ಹೇಳ್ಬಿಡಿ. ಅದೊಂದು ನಿಮ್ಗೆ ಬರಲ್ಲ."

ಅವನು ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ಇವತ್ತು ಡ್ಯೂಟಿಲಿ ಇರೋದು ನೀವೊಬ್ರೇ ಮೇಡಂ. ನೋಡುವಾಗ ನಿಮ್ಮ ಕಣ್ಣು ಮಂಜಾಗಬಾರದು ಅಂತ ಸ್ಕ್ಯಾನಿಗೆ ನಿಮ್ಮ ಯಜಮಾನ್ರ ಹೆಸರು ಹಾಕಿಸಲಿಲ್ಲ."