ಎಲೆಗಾಗಿ ಕಾಯುತ್ತಿದೆ

ಕನ್ನಡಕವಿಲ್ಲದೆ ನೀರು ಸಿಂಪಡಿಸುತ್ತಿದ್ದ ಅವಳಿಗೆ ಗಾಜಿನ ಮನೆಯ ಜರೀಗಿಡಗಳೆಲ್ಲ ಒಂದೇ ಹಸಿರು ಮಬ್ಬಾಗಿ ಕಾಣುತ್ತಿದ್ದವು. ಕೊನೆಯ ತಟ್ಟೆಯ ಹತ್ತಿರ ಕೈ ತಾನಾಗಿ ನಿಂತಿತು. ಸಂಜೆಯೊಳಗೆ ಇದನ್ನು ಖಾಲಿ ಮಾಡಬೇಕು. ಜಾಗ ಬೇಕು, ಇದರ ಹಣೆಯಲ್ಲಿ ಬೆಳೆಯುವುದು ಬರೆದಿಲ್ಲ ಎಂದು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

ತಟ್ಟೆಯಲ್ಲಿದ್ದದ್ದು ಮಂಜು ಮುಸುಕಿದ ಬೆಟ್ಟದ ಕಾಡಿನಲ್ಲಿ, ಬಂಡೆಯ ಸೀಳಿನಿಂದ ಅವಳೇ ಕೆರೆದು ತಂದದ್ದು. ನೋಡಲು ಪಾಚಿ, ಪರೀಕ್ಷೆಯಲ್ಲಿ ಜರೀಗಿಡದ ಎಳೆಯ ರೂಪ. ಜರೀಗಿಡಕ್ಕೆ ಎರಡು ಬಾಳು. ಎಲೆಯ ಬೆನ್ನಿನಿಂದ ಉದುರಿದ ಕಂದು ಪುಡಿ ಮೊದಲು ಉಗುರಿಗಿಂತ ಚಿಕ್ಕದೊಂದು ಹಸಿರು ಹಾಳೆಯಾಗುತ್ತದೆ. ಅದರ ಮೇಲೆ ಗಿಡ ಹುಟ್ಟಿ, ಸುರುಳಿ ಬಿಚ್ಚಿ ಎಲೆ ಚಾಚಿದ ಮೇಲೆ ಹಾಳೆ ಕರಗಿಹೋಗುತ್ತದೆ. ಇದು ಮಾತ್ರ ಹಾಳೆಯಾಗಿಯೇ ಕೂತುಬಿಟ್ಟಿತ್ತು. ಬೆಳಕು ಬದಲಿಸಿದಳು, ತಂಪು ಹೆಚ್ಚಿಸಿದಳು, ಗೊಬ್ಬರ ಉಣಿಸಿದಳು. ಜಪ್ಪಯ್ಯ ಅಂದರೂ ಎಲೆ ಬಿಡಲಿಲ್ಲ. 'ಎಲೆಗಾಗಿ ಕಾಯುತ್ತಿದೆ' ಎಂಬ ಚೀಟಿ ತಟ್ಟೆಯ ಮೇಲೆ ವರ್ಷಗಳಿಂದ ಹಾಗೇ ಇತ್ತು.

ಬಾಗಿಲು ತಳ್ಳಿಕೊಂಡು ಮಗಳು ಬಂದಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮುರಿದ ಫ್ರೇಮು ಸರಿಮಾಡುವುದು ಅವಳ ಕೆಲಸ. ಮೂವತ್ತು ಹತ್ತಿರ ಬಂದರೂ ಹುಡುಗಿ ಒಂದು ನೆಲೆಗೆ ಬರಲಿಲ್ಲವೆಂದು ತಾಯಿಗೆ ಒಳಗೊಳಗೇ ಕೊರಗು. ಮೈದುನನ ಕಂಪನಿಯಲ್ಲಿ ಒಂದು ಕುರ್ಚಿ ಖಾಲಿಯಾದಾಗ ಮಗಳ ಹೆಸರಿನಲ್ಲಿ ಅರ್ಜಿ ಹಾಕಿದ್ದೂ ಅವಳೇ. ಮೈದುನನಿಗೆ ಇವತ್ತೇ ಹೂಂ ಅನ್ನಬೇಕಿತ್ತು. ಮಗಳಿಗಿನ್ನೂ ತಿಳಿಸಿರಲಿಲ್ಲ.

"ಸ್ಕ್ರೂ ಸವೆದುಹೋಗಿತ್ತಮ್ಮ. ಇನ್ನು ಜಾರಲ್ಲ." ಮಗಳು ತಾನೇ ಕನ್ನಡಕ ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ಬಲಗಡೆಯ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿದಳು. ಆಮೇಲೆ ತಟ್ಟೆಯ ಕಡೆ ಕಣ್ಣು ಹೋಯಿತು. "ಏನಿದು, ಸಂಬಳ ತಗೊಂಡು ಪಾಚಿ ಸಾಕ್ತಿದೀಯ?"

"ಜರೀಗಿಡ ಕಣೆ. ದೊಡ್ಡದಾಗ್ತಾನೇ ಇಲ್ಲ. ಎಸೀಬೇಕು."

ಕೊರಳಲ್ಲಿ ನೇತಾಡುತ್ತಿದ್ದ ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಮಗಳು ಬಗ್ಗಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ.

"ಅಂಚಲ್ಲಿ ಕಾಳು ಕಾಳು ಇದೆಯಲ್ಲಮ್ಮ, ಏನದು?"

"ಮೊಗ್ಗಿನ ಥರ. ಕಳಚಿ ಬಿದ್ದಲ್ಲೇ ಇನ್ನೊಂದು ಹಾಳೆ ಆಗತ್ತೆ."

"ಅದರಿಂದ?"

"ಇನ್ನೊಂದು."

"ಬೆಟ್ಟದಲ್ಲಿ ದೊಡ್ಡ ಗಿಡ ಇತ್ತಾ?"

"ಎಲ್ಲಿ ಹುಡುಕಿದ್ರೂ ಸಿಗಲಿಲ್ಲ. ಬಂಡೆ ತುಂಬ ಬರೀ ಇದೇ."

ಮಗಳು ನಕ್ಕಳು. "ಹಾಗಾದ್ರೆ ಕಾಯ್ತಿರೋದು ಇದಲ್ಲ ಬಿಡು, ನೀನು." ಯಾರದೋ ಫ್ರೇಮು ಅರ್ಧಕ್ಕೇ ಬಿಟ್ಟು ಬಂದಿದ್ದೇನೆಂದು ಹೊರಟೇಬಿಟ್ಟಳು. ಬಾಗಿಲು ದಾಟುವಾಗಲೇ ಅವಳ ಹಾಡಿನ ಗುನುಗು ಶುರುವಾಯಿತು.

ತಾಯಿ ಬಗ್ಗಿ ನೋಡಿದಳು. ಕಡ್ಡಿ ಕಿವಿಯ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಹಾಳೆಗಳ ಅಂಚಿನಲ್ಲಿ ಕಾಳುಗಳು ಸಾಲಾಗಿ ಕೂತಿದ್ದವು; ಕೆಲವು ಆಗಲೇ ಉದುರಿ ಹಸಿರಾಗಿದ್ದವು. ಹೊಸ ಸಂಗತಿಯಲ್ಲ. ಈ ಕಾಳುಗಳಿಂದಲೇ ಗಿಡ ದೊಡ್ಡದಾಗುತ್ತಿಲ್ಲವೆಂದು ಅವನ್ನು ಚಿಮಟದಿಂದ ಹೆಕ್ಕಿ ಬಿಸಾಡಿದವಳೂ ಅವಳೇ.

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಮೈದುನ. ತಟ್ಟೆಯನ್ನು ಎತ್ತಿ, ಮುಖ್ಯಸ್ಥರು ಎಂದೂ ಬಗ್ಗಿ ನೋಡದ ಕೆಳಗಿನ ಹಲಗೆಯಲ್ಲಿ, ದೊಡ್ಡ ಕುಂಡಗಳ ಮರೆಗೆ ಸರಿಸಿದಳು. ಆ ಕೆಲಸ ಬೇಡ ಎಂದುಬಿಡಬೇಕು. ಮಗಳಿಗೆ ಇಂಥದೊಂದು ಇತ್ತೆಂದು ಗೊತ್ತಾಗುವುದೂ ಬೇಡ.

ಫೋನು ಎತ್ತುವ ಮುಂಚೆ ಚೀಟಿಯನ್ನು ಉಗುರಿನಿಂದ ಕೆರೆದಳು. ತಟ್ಟೆಯಿಂದ ಸಲೀಸಾಗಿ ಬಿಟ್ಟ ಒದ್ದೆ ಕಾಗದ ಹೆಬ್ಬೆರಳಿಗೆ ಅಂಟಿಕೊಂಡಿತು, ಕೊಡವಿದರೂ ಬೀಳಲಿಲ್ಲ.