ಅಜ್ಜಿಗೆ ಹೇಳಿದ ಹವಾಮಾನ

ಹೊಸ ಜೀನ್ಸ್ ಬಟ್ಟೆಯ ವಾಸನೆ ಬಂದರೆ ಈಗಲೂ ನನಗೆ ರಾಯದುರ್ಗದ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಮಲ್ಪೆಗೆ ಹೋಗಿ ಮೀನಿನ ಬೋಟಿನಲ್ಲಿ ಕೂಲಿಗಿದ್ದ. ಅಮ್ಮ ಮನೆಯಲ್ಲೇ ಕೂತು, ಹೊಲಿದ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು. ಕರಾವಳಿಯಲ್ಲಿ ಬಿರುಗಾಳಿ ಏಳಲಿದೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಎಂದು ರೇಡಿಯೋ ಹೇಳಿತು. ಅಪ್ಪನ ಬೋಟು ಹಿಂದಿನ ದಿನವೇ ಹೊರಟಿತ್ತು.

ಅಪ್ಪನನ್ನು ಹೆತ್ತ ಅಜ್ಜಿಗೆ ಕಿವಿ ಮಂದ. “ಏನಂತೈತವ್ವಾ ರೇಡಿಯೋ?” ಎಂದು ನನ್ನನ್ನು ಕೇಳಿದಳು.

“ಗಾಳಿ ಇಲ್ಲಂತ ಅಜ್ಜಿ,” ಎಂದು ಕೂಗಿ ಹೇಳಿದೆ. ಅಮ್ಮ ನನ್ನನ್ನು ತಿದ್ದಲಿಲ್ಲ.

“ಹಂಗಾದ್ರ ಉಣ್ಣಾಕ ಹಾಕು,” ಎಂದ ಅಜ್ಜಿ, ತಟ್ಟೆಯಲ್ಲಿದ್ದ ಮುದ್ದೆಯನ್ನೆಲ್ಲ ನಿಧಾನವಾಗಿ ತಿಂದು ಮುಗಿಸಿದಳು.

ಮೂರನೆಯ ದಿನ, ಅಪ್ಪ ದಡ ಸೇರಿದ ಸುದ್ದಿ ಪಕ್ಕದ ಮನೆಯ ಫೋನಿಗೆ ಬಂತು. ಅಜ್ಜಿ ನನ್ನ ತಲೆ ನೇವರಿಸಿದಳು. “ಅವತ್ತ ನಿನ್ನ ಮಾರಿ ನೋಡೇ ನನಗ ತಿಳೀತು. ನೀ ಅಂಜಬಾರ್ದಂತ ಉಂಡೆ.”