ಸದ್ದು ಮಾಡುವ ಜಲ್ಲಿ

ಗೇಟಿನಿಂದ ಬಾಗಿಲವರೆಗೆ ಹಾಸಲು ಒಂದು ಲೋಡ್ ಜಲ್ಲಿ ಬೇಕೆಂದಾಗ ಟ್ರ್ಯಾಕ್ಟರಿನವನು ಅವಳಿಗೆ ಎರಡು ಬಗೆಯದನ್ನು ತೋರಿಸಿದ.

"ಸಣ್ಣದು ತಗೊಳ್ಳಿ ಅಕ್ಕಾ. ಒಂದ್ಸಲ ಕೂತ್ಕೊಂಡ್ರೆ ನಡೆದಾಗ ಸದ್ದೇ ಬರಲ್ಲ."

"ದಪ್ಪದ್ದೇ ಸುರೀರಿ. ಸದ್ದು ಬರ್ಬೇಕು."

"ಯಾಕಕ್ಕಾ, ಕಳ್ಳರ ಕಾಟನಾ?"

ಅವಳು ದುಡ್ಡು ಎಣಿಸಿ ಅವನ ಕೈಗಿಟ್ಟಳು.

ಟ್ರ್ಯಾಕ್ಟರ್ ಹೋದ ಮೇಲೆ ಮಗಳನ್ನು ಹತ್ತಿರ ಕರೆದು ಕೇಳಿದಳು.

"ಜಲ್ಲಿ ಸದ್ದಾದ್ರೆ ಏನ್ಮಾಡ್ತೀಯ?"

"ತಮ್ಮನ್ನ ಎತ್ಕೊಂಡು ಹಿಂದಿನ ಬಾಗಿಲಿಂದ ಪಕ್ಕದ್ಮನೆಗೆ ಓಡ್ತೀನಿ."

"ನಾನು ಕಿರುಚಿದ್ರೆ?"

"ತಿರುಗಿ ನೋಡಲ್ಲ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟು ಕಿರುಗುಟ್ಟಿತು. ಜಲ್ಲಿಯ ಮೇಲೆ ಭಾರವಾದ ಹೆಜ್ಜೆಗಳ ಸದ್ದು ಕೇಳಿತು. ಹಿಂಬಾಗಿಲು ತೆರೆದು ಮುಚ್ಚಿಕೊಳ್ಳುವವರೆಗೂ ಅವಳು ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಪುಟ್ಟೀ, ಅಪ್ಪ ಬಂದಿದೀನಿ. ಬಾಗಿಲು ತೆಗಿ."